ಏಳನೇ ಸಾಲಿನ ವನ್ಸ್ ಮೋರ್

ಬದರೀನಾಥರದು ಸುಮ್ಮನಿರುವ ಬಾಯಲ್ಲ. ಮೈಸೂರಿನಲ್ಲಿ ಕಂಪನಿ ನಾಟಕ ನೋಡಿ ಬೆಳೆದವರು. ಮನಸ್ಸಿಗೆ ಹಿಡಿಸಿದ ಮಾತಿಗೆ ಜನ ‘ವನ್ಸ್ ಮೋರ್’ ಎಂದು ಕೂಗಿದರೆ ನಟ ಅದನ್ನು ಮತ್ತೊಮ್ಮೆ ಆಡಿ ತೋರಿಸಲೇಬೇಕು, ಅದು ಅಲ್ಲಿನ ಕಾನೂನು. ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದು ಮೂವತ್ತು ವರ್ಷ ಕಾರಿನ ಬ್ರೇಕ್ ವಿನ್ಯಾಸ ಮಾಡಿದರೂ ಆ ಚಟ ಹೋಗಲಿಲ್ಲ. ಊರಿಗೆಲ್ಲ ಬ್ರೇಕ್ ಮಾಡಿಕೊಟ್ಟ ಮಹಾನುಭಾವ ತಮ್ಮ ಬಾಯಿಗೊಂದು ಮಾಡಿಕೊಳ್ಳಲಿಲ್ಲ!

ಆದರೆ ಮಗಳು ಇಂಚರ ಡೆಂಟಲ್ ಕಾಲೇಜು ಬಿಟ್ಟು ನಾಟಕಕ್ಕೆ ಸೇರಿದಾಗ ಆ ಬಾಯಿಗೆ ಬೀಗ ಬಿತ್ತು. ಎರಡು ವರ್ಷ ಅವಳ ನಾಟಕದ ಬಗ್ಗೆ ಒಂದಕ್ಷರ ಕೇಳಲಿಲ್ಲ. ಹೋಗಿ ನೋಡಿ, ಅವಳ ಅಭಿನಯ ಚೆನ್ನಾಗಿಲ್ಲದಿದ್ದರೆ ಏನು ಹೇಳುವುದು ಎಂಬ ಹೆದರಿಕೆ ಅವರಿಗೆ. ಅಪ್ಪನಿಗೆ ತನ್ನಿಂದ ನಾಚಿಕೆಯಾಗಿದೆ ಎಂದೇ ಮಗಳು ತಿಳಿದಿದ್ದಳು.

ಈಗ ಪಕ್ಕದೂರು ಸೌತ್‌ಫೀಲ್ಡ್‌ನ ಚಿಕ್ಕ ಥಿಯೇಟರೊಂದು ಎಂಬತ್ತು ವರ್ಷ ಹಳೆಯ ಅಮೆರಿಕನ್ ನಾಟಕವನ್ನು ಮತ್ತೆ ರಂಗಕ್ಕೆ ತಂದಿತ್ತು. ಇಂಚರಳಿಗೆ ಮೊದಲ ದೊಡ್ಡ ಪಾತ್ರ. ಎರಡು ಟಿಕೆಟ್ ಕೊಟ್ಟು ಕಟ್ಟಪ್ಪಣೆ ಮಾಡಿದಳು: “ಅಪ್ಪಾ, ಪ್ಲೀಸ್. ನೋ ಸೌಂಡ್. ಕೊನೇಲಿ ಕ್ಲ್ಯಾಪ್ ಮಾಡು, ಅಷ್ಟೆ.”

ಶನಿವಾರ ಮಧ್ಯಾಹ್ನ ಥಿಯೇಟರಿನ ಏಳನೇ ಸಾಲಿನಲ್ಲಿ ಪದ್ಮಜಾ ಗಂಡನ ಬಾಯಿಗೆ ಕಲ್ಲುಸಕ್ಕರೆ ತುಂಬುತ್ತಲೇ ಕೂತರು. “ರೀ, ಇದು ಮೈಸೂರಿನ ಟೌನ್ ಹಾಲ್ ಅಲ್ಲ. ತೆಪ್ಪಗೆ ಚೀಪ್ತಾ ಇರಿ.”

ಕಡೆಯ ಅಂಕ. ಮನೆ ಬಿಟ್ಟು ಹೊರಟ ಮಗಳಾಗಿ ಇಂಚರ ಬಾಗಿಲಲ್ಲಿ ನಿಂತಳು. ನಾನು ನಿನಗೆ ಹಿಡಿಸದಿದ್ದರೂ ಚಿಂತೆಯಿಲ್ಲ ಅಪ್ಪಾ, ಒಂದೇ ಒಂದು ಸಲ ನನ್ನ ಕಡೆ ನೋಡು ಎಂದು ಇಂಗ್ಲಿಷಿನಲ್ಲಿ ಅಂದಳು. ಬದರೀನಾಥರ ಹಲ್ಲಿನಡಿ ಕಲ್ಲುಸಕ್ಕರೆ ಕಟಕ್ಕನೆ ಮುರಿಯಿತು.

“ವನ್ಸ್ ಮೋರ್!”

ಅಯ್ಯೋ ರಾಮ! ಇನ್ನೂರು ತಲೆಗಳು ಒಟ್ಟಿಗೆ ತಿರುಗಿದವು. ಪದ್ಮಜಾ ಕೋಟಿನೊಳಗೆ ಮುಖ ಹುದುಗಿಸಿದರು. ಕೈಯಾರೆ ಮಗಳ ಮಾನ ಕಳೆದೆನಲ್ಲ ಎಂದು ಬದರೀನಾಥರಿಗೆ ಮೈಯೆಲ್ಲ ಬೆವೆತಿತು.

ಹೊಸ್ತಿಲಾಚೆ ಕಾಲಿಟ್ಟಿದ್ದ ಇಂಚರ ನಿಂತಳು. ಸೂಟ್‌ಕೇಸ್ ಕೆಳಗಿಟ್ಟಳು. ವಾಪಸು ಬಂದು, ನಾಟಕದ ಅಪ್ಪನನ್ನು ಬಿಟ್ಟು ಏಳನೇ ಸಾಲಿನ ಅಪ್ಪನನ್ನೇ ನೋಡುತ್ತಾ, ಆ ಮಾತನ್ನು ಮೊದಲಿನಿಂದ ಆಡಿದಳು. ಬದರೀನಾಥರು ಎವೆಯಿಕ್ಕದೆ ನೋಡಿದರು, ಕಣ್ಣೀರು ಒರೆಸಿಕೊಳ್ಳುವುದೂ ಮರೆತುಹೋಯಿತು.

ನಿರ್ದೇಶಕಿ ಅವಳಿಗೆ ಸರಿಯಾಗಿ ಮಂಗಳಾರತಿ ಎತ್ತಿದರಂತೆ. ಭಾನುವಾರ ಥಿಯೇಟರಿನ ಬಾಗಿಲಲ್ಲಿ ಹೊಸ ಬೋರ್ಡು ಬಂತು: ಆಡಿದ ಮಾತನ್ನು ಮತ್ತೊಮ್ಮೆ ಆಡುವಂತೆ ನಟರನ್ನು ಕೇಳಬಾರದು. ಕೊನೆಯ ಪ್ರದರ್ಶನ ಮುಗಿದ ಮೇಲೆ ಇಂಚರ ಅದನ್ನು ಬಿಚ್ಚಿಸಿಕೊಂಡು ಬಂದು ಅಪ್ಪನ ಕೈಗಿಟ್ಟಳು.

ಮೂವತ್ತು ವರ್ಷದ ಸೇವೆಗೆ ಆಫೀಸಿನವರು ಕೊಟ್ಟ ಫಲಕ ಈಗ ಕಪಾಟು ಸೇರಿದೆ. ಅದರ ಮೊಳೆಗೆ ಈ ಬೋರ್ಡು ನೇತಾಡುತ್ತಿದೆ. ಮನೆಗೆ ಬಂದವರನ್ನೆಲ್ಲ ಬದರೀನಾಥರು ಮೊದಲು ಅಲ್ಲಿಗೇ ಕರೆದೊಯ್ಯುತ್ತಾರೆ.

“ಓದಿ, ಓದಿ. ನಮ್ಮ ಇಂಚರಂದೇ ಇದು.”