ಪರದೆ ಆರಿಸಿ ಕಲಿತ ಕನ್ನಡ

2004ರಲ್ಲಿ ನಾನು ಶಿರಸಿಯಲ್ಲಿ ಟೈಪಿಂಗ್ ತರಗತಿ ನಡೆಸುತ್ತಿದ್ದೆ. ಹಳೆಯ ಟೈಪ್‌ರೈಟರುಗಳ ಪಕ್ಕದಲ್ಲಿ ಆಗಷ್ಟೇ ಎರಡು ಕಂಪ್ಯೂಟರ್ ಬಂದಿದ್ದವು. ಹೆಂಡತಿ ವಿಮಲಾ ನನ್ನ ಜೊತೆ ಕಲಿಸುತ್ತಿದ್ದಳು. ಅವಳು ತೀರಿಕೊಂಡು ಈಗ ಎಂಟು ತಿಂಗಳಾಯಿತು. ಅವಳ ನೆನಪಾದಾಗಲೆಲ್ಲ ಆ ವರ್ಷದ ಮಧ್ಯಾಹ್ನಗಳೇ ತೇಲಿ ಬರುತ್ತವೆ.

ಕಲಿಯುವವರ ಕೈ ಮೇಲೆ ಬಟ್ಟೆ ಹೊದಿಸುವುದು ನಮ್ಮ ಪದ್ಧತಿ. ಕೀಲಿ ನೋಡಿದವರಿಗೆ ಬೈಗುಳ. ಹಾಗೆ ಕಲಿತು ಹೋದವಳು ನಂದೊಳ್ಳಿಯ ಗಂಗಾ. ಯಲ್ಲಾಪುರದ ಕಡೆಯ ಒಂದು ಹಾಲಿನ ಸಂಘದಲ್ಲಿ ಪತ್ರಗಳನ್ನು ಟೈಪ್ ಮಾಡುತ್ತಿದ್ದಳು. ಕಾಯಿಲೆಯಿಂದ ಅವಳ ದೃಷ್ಟಿ ಪೂರ್ತಿ ಹೋಯಿತು. ಆದರೂ ಕೆಲಸ ನಡೆದಿತ್ತು. ಆಮೇಲೆ ಸಂಘಕ್ಕೆ ಕಂಪ್ಯೂಟರ್ ಬಂತು. ದೀಪಾವಳಿಯೊಳಗೆ ಅದರಲ್ಲಿ ಪತ್ರ ಮಾಡಿ ತೋರಿಸಬೇಕು, ಆಗದಿದ್ದರೆ ಬೇರೆಯವರನ್ನು ನೇಮಿಸುತ್ತೇವೆ ಎಂದರು ಅಧ್ಯಕ್ಷರು. ಗಂಗಾ ಮತ್ತೆ ನಮ್ಮ ತರಗತಿಗೆ ಬಂದಳು.

"ಕಣ್ಣು ಕಾಣದೆ ಕಂಪ್ಯೂಟರ್ ಹೇಗಮ್ಮ?" ಎಂದೆ.

"ಕೀಲಿ ನೋಡಿದ್ರೆ ಬೈತಿದ್ದವ್ರು ನೀವೇ ಅಲ್ವಾ ಸರ್? ಈಗ ನೋಡೋದಿಲ್ಲ ಅಂದ್ರೂ ಕಷ್ಟವಾ?"

ವಿಮಲಾ ಬಿದ್ದು ಬಿದ್ದು ನಕ್ಕಳು.

ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ತರಿಸಿದೆವು. ಪರದೆಯ ಮೇಲಿನದನ್ನು ಅದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತದೆ. ನಾನು ಮಾತ್ರ "ಮೌಸ್ ಇಲ್ಲಿ ತಾ, ಅಲ್ಲಿ ಒತ್ತು" ಎಂದೇ ಹೇಳಿಕೊಡುತ್ತಿದ್ದೆ. ಮೂರನೆಯ ದಿನ ವಿಮಲಾ ಮೌಸ್ ಕಿತ್ತು, ಮಾನಿಟರ್ ಆರಿಸಿದಳು.

"ಈಗ ಕಲ್ಸಿ ನೋಡನ!"

ಅಂದಿನಿಂದ ಮೂವರೂ ಕಪ್ಪು ಪರದೆಯ ಮುಂದೆ ಕೂತು ಕೀಲಿಗಳಿಂದಲೇ ಎಲ್ಲ ಕಲಿತೆವು. ಊಟವಾದ ಮೇಲಿನ ಹೊತ್ತು, ಕಣ್ಣು ಮುಚ್ಚಿದ ವಿಮಲಾ, ಎಲ್ಲಿಂದಲೋ ಬರುವಂಥ ಆ ಯಂತ್ರದ ದನಿ. ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ.

ತೊಡಕಾಗಿದ್ದು ಕನ್ನಡ. ಆಗ ನಾವು ಬಳಸುತ್ತಿದ್ದ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷಿನ ಗುರುತುಗಳು. 'ಸಂಘ' ಎಂದು ಬರೆದರೆ ಯಂತ್ರ "ಸೆಡಿಲ್ಲಾ, ಎ ಗ್ರೇವ್, ಎ, ಡಬ್ಲ್ಯೂ, ಎ ಗ್ರೇವ್" ಎಂದು ಆ ಗುರುತುಗಳ ಹೆಸರನ್ನಷ್ಟೇ ಓದುತ್ತಿತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಗಂಗಾ ಮತ್ತೆ ಮತ್ತೆ ಕೇಳಿದಳು. ಇದಕ್ಕೆ ಮಾತ್ರ ಪರದೆ ಹಚ್ಚಿ, ಗಂಗಾ ಬರೆದದ್ದನ್ನು ವಿಮಲಾ ಓದಿ ಹೇಳುವಳು, ಗಂಗಾ ಯಂತ್ರದ ಸದ್ದಿಗೆ ಅದನ್ನು ಜೋಡಿಸಿಕೊಳ್ಳುವಳು. ತಿಂಗಳು ಕಳೆಯುವಷ್ಟರಲ್ಲಿ ಇಬ್ಬರೂ ಆ ಗುರುತುಗಳಲ್ಲೇ ಹರಟುತ್ತಿದ್ದರು, ನಗುತ್ತಿದ್ದರು. ನನಗೊಂದೂ ತಿಳಿಯುತ್ತಿರಲಿಲ್ಲ.

ದೀಪಾವಳಿಗೆ ಮುಂಚೆ ಸಂಘದಲ್ಲಿ ಪರೀಕ್ಷೆ. ಅಧ್ಯಕ್ಷ ಹೆಗಡೆಯವರು ಸದಸ್ಯರ ಸಭೆಯ ಪತ್ರ ಹೇಳಿದರು, ಗಂಗಾ ಟೈಪ್ ಮಾಡಿದಳು. ಅವರು ಪರದೆ ನೋಡಿ, "ಸರಿ ಇದೆ, ಪ್ರಿಂಟ್ ತೆಗಿ" ಎಂದರು. ಅವಳು ಯಂತ್ರದಿಂದ ಓದಿಸಿದಳು.

"ಇದೆಂತ ಬಡಬಡಿಸ್ತದೆ ಮಾರಾಯ್ತಿ! ಯಾವ ಭಾಷೆ?"

"ನನ್ನ ಭಾಷೆ ಹೆಗಡೇರೆ. ಒಂಚೂರು ಸುಮ್ನಿರಿ. ಸಭೆ ಯಾವತ್ತು ಅಂತ ನೀವು ಹೇಳೋದೇ ಬಿಟ್ಟುಹೋಗಿದೆ."

ಹೆಗಡೆಯವರು ಕನ್ನಡಕ ಏರಿಸಿ ಮತ್ತೆ ಓದಿದರು. ತಾರೀಖು ಇರಲಿಲ್ಲ. ಕೆಲಸ ಅವಳಿಗೇ ಉಳಿಯಿತು.

ಈಗ ಯಂತ್ರಗಳು ನೇರವಾಗಿ ಕನ್ನಡ ಓದುತ್ತವೆ. ಆ ಹಳೆಯ ಗುರುತುಗಳು ಯಾರಿಗೂ ಬೇಡ. ವಿಮಲಾ ಹೋದ ಮೇಲೆ ಮಾತಾಡಿಸಲು ಬಂದ ಗಂಗಾ, "ಅಕ್ಕನ ಹತ್ರ ಮಾತ್ರ ಆಡ್ತಿದ್ದ ಮಾತು ಸರ್ ಅದು. ಈಗ ಯಾರ ಹತ್ರ ಆಡ್ಲಿ?" ಎಂದಳು.

ಅಷ್ಟು ದಿನ ಅವರ ಪಕ್ಕದಲ್ಲೇ ಕೂತಿದ್ದೆ, ನನಗೂ ಕಲಿಸಿ ಎಂದು ಒಮ್ಮೆಯೂ ಕೇಳಲಿಲ್ಲ. ಕಲಿಸುವವನು ಮೊದಲು ಕಲಿಯುವವರ ಮಾತು ಕಲಿಯಬೇಕು. ಇಡೀ ವೃತ್ತಿಯಲ್ಲಿ ನನಗೆ ದಕ್ಕಿದ ಪಾಠ ಅದೊಂದೇ, ದಕ್ಕುವಾಗ ತಡವಾಗಿತ್ತು.