ಕಾಲುಚೀಲದ ಬೊಂಬೆ ಆಡಿದ ಮಾತು

ದೆವ್ವ, ಗಾಳಿ, ಸೋಕು ಎಂದವರನ್ನು ಕಂಡರೆ ನಾನು ಮುಖದ ಮೇಲೇ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ನಾನು ಹಲಸೂರಿನಲ್ಲಿ ಕಮಲಕ್ಕನ ಮನೆಯಲ್ಲಿದ್ದುಕೊಂಡು ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಭಾವ ಪಟಾಲಮ್ಮಿನ ಲಾರಿ ಓಡಿಸುತ್ತಿದ್ದವರು. ಮಲಯಾಕ್ಕೆ ಹೋದಮೇಲೆ ಸುದ್ದಿಯೇ ಇರಲಿಲ್ಲ. ದಂಡಿನ ಸ್ಟೇಷನ್ನಿಗೆ ಸಿಪಾಯಿಗಳ ರೈಲು ಬಂತೆಂದರೆ ಅಕ್ಕ ಓಡುವಳು, ಒಬ್ಬಳೇ ವಾಪಸು ಬರುವಳು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವಳು, ಅವಳ ಅತ್ತೆ, ನಾನು, ಅಷ್ಟೆ.

ಹೊತ್ತು ಹೋಗಲೆಂದೋ ಏನೋ, ಅಕ್ಕ ಕಾಲುಚೀಲದಲ್ಲಿ ಬೊಂಬೆ ಮಾಡತೊಡಗಿದಳು. ಈಗಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸೋಲ್ಜರುಗಳ ಹಳೇ ಉಣ್ಣೆಯ ಕಾಲುಚೀಲಗಳು ರಾಶಿ ಬಿದ್ದಿರುತ್ತಿದ್ದವು. ತೂತು ಹೊಲಿದು, ಬೆರಳಿನ ಕಡೆಯ ತುದಿಯನ್ನು ಒಳಕ್ಕೆ ಮಡಚಿ, ಕೆಂಪು ಬಟ್ಟೆ ಇಟ್ಟರೆ ಬಾಯಿ. ಅಂಗಿಯ ಗುಂಡಿ ಇಟ್ಟರೆ ಕಣ್ಣು. ಒಳಗೆ ಕೈ ತೂರಿಸಿ ಬೆರಳು ಆಡಿಸಿದರೆ ಬೊಂಬೆ ಮಾತಾಡುತ್ತಿತ್ತು. ವಠಾರದ ಅಂಗಳಕ್ಕೆ ಅಡ್ಡಲಾಗಿ ಹಳೇ ಸೀರೆ ಕಟ್ಟಿ, ಅದರ ಹಿಂದೆ ಕೂತು ನಾವಿಬ್ಬರೂ ಕೈ ಮೇಲೆತ್ತಿ ಆಡಿಸುವೆವು. ಹಾಲಿನ ತಮಿಳಮ್ಮ, ವಠಾರದ ಯಜಮಾನರು, ಪೋಲೀಸಪ್ಪ ಎಲ್ಲರ ಧ್ವನಿಯನ್ನೂ ನಾನು ಚೆನ್ನಾಗಿ ಅಣಕಿಸುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

"ಗಂಡ ಎಲ್ಲಿದಾನೋ ಗೊತ್ತಿಲ್ಲ, ಇವಳಿಗೆ ಬೊಂಬೆಯಾಟ," ಎಂದು ಅತ್ತೆ ಗೊಣಗುವರು. ಗೊಣಗಿಕೊಂಡೇ ಬಂದು ಮುಂದೆ ಕೂರುವರು.

ಒಂದು ಸಂಜೆ ಅಕ್ಕನಿಗೆ ಗಂಟಲು ಕಟ್ಟಿತ್ತು. ನಾನೊಬ್ಬನೇ ಆಡಿಸಿದೆ, ಅವಳು ಮಕ್ಕಳ ಜೊತೆ ಮುಂದೆ ಕೂತಳು. ನಡುವೆ ಸೀರೆ ಜಾರಿತು. ಬಲಗೈಯಲ್ಲಿ ಪೋಲೀಸಪ್ಪನನ್ನು ಎತ್ತಿ ಹಿಡಿದುಕೊಂಡೇ, ಪಿನ್ನನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದ ಸೀರೆ ಸರಿಮಾಡುತ್ತಿದ್ದೆ. ಆಗ ನನ್ನ ತಲೆಯ ಮೇಲಿಂದ ಮಾತು ಬಂತು.

"ಗುಬ್ಬೀ, ನನ್ನ ಕಾಯ್ಬೇಡ ಕಣೇ. ಊಟ ಮಾಡ್ಬಿಡು."

ಭಾವನ ಧ್ವನಿ. ಬೀಡಿ ಸೇದಿ ಸೇದಿ ಒರಟಾದ ಅದೇ ಧ್ವನಿ. ತಲೆಯೆತ್ತಿ ನೋಡಿದೆ: ಬೊಂಬೆಯ ಬಾಯಿ ತೆರೆದು ಮುಚ್ಚುತ್ತಿತ್ತು. ಒಳಗಿದ್ದದ್ದು ನನ್ನ ಬೆರಳೇ, ಆದರೆ ನಾನು ಆಡಿಸುತ್ತಿರಲಿಲ್ಲ. ಪಿನ್ನು ಇನ್ನೂ ನನ್ನ ಹಲ್ಲಲ್ಲೇ ಇತ್ತು.

ಮಕ್ಕಳು ನಕ್ಕರು. ಅತ್ತೆ ಎದ್ದು ಬಂದು ಸೀರೆಯನ್ನು ಕಿತ್ತೆಸೆದರು.

"ಸತ್ತೋನ ದನೀಲಿ ಆಟ ಆಡ್ತೀಯೇನೋ, ಪಾಪಿ!"

ಸತ್ತೋನು ಎಂಬ ಮಾತನ್ನು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಹೆತ್ತ ತಾಯಿಯ ಬಾಯಿಂದಲೇ ಬಂತು. ಅವರು ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದರು.

ಒಳಗೆ ಹೋದಮೇಲೆ ಅಕ್ಕ ಮೆಲ್ಲಗೆ ಕೇಳಿದಳು: "ಗುಬ್ಬಿ ಅಂತ ಅವರು ನನ್ನ ಕರೀತಿದ್ದದ್ದು ನಮ್ಮಿಬ್ಬರಿಗೇ ಗೊತ್ತು. ಗೋಡೆಗೆ ಕಿವಿ ಕೊಟ್ಟು ಕೇಳಿಸ್ಕೊಂಡಿದ್ಯಾ?"

"ನಾನಲ್ಲ ಕಣಕ್ಕ. ನನ್ನ ಬಾಯಲ್ಲಿ ಪಿನ್ನಿತ್ತು, ನೋಡು."

ಅವಳು ನೋಡಲಿಲ್ಲ. ಬೊಂಬೆಗಳನ್ನೆಲ್ಲ ಬಾಚಿ ನೀರೊಲೆಗೆ ಹಾಕಿದಳು.

ಬಾಯಿಂದ ಬಿದ್ದ ಮಾತನ್ನು ಅತ್ತೆ ಆಮೇಲೆ ಬಿಡಲಿಲ್ಲ. ನೆಂಟರು ಸೇರಿದರು. ಸುದ್ದಿಯಿಲ್ಲದೆ, ಹೆಣವಿಲ್ಲದೆ ಕರ್ಮ ಮಾಡಿದರು. ಅಕ್ಕನ ಕುಂಕುಮ ಅಳಿಸಿದರು. ಅವಳು ಬೇಡವೆಂದು ಅತ್ತದ್ದು ಯಾರ ಕಿವಿಗೂ ಬೀಳಲಿಲ್ಲ. ನಾನು ಪೆಟ್ಟಿಗೆ ಹೊತ್ತು ಬೇರೆ ಕೋಣೆಗೆ ಹೊರಟಾಗ ಅವಳು ಬಾಗಿಲಲ್ಲಿ ನಿಂತು ಹೇಳಿದಳು: "ಅವರನ್ನ ಯುದ್ಧ ಕೊಲ್ಲಲಿಲ್ಲ. ನೀನು ಕೊಂದೆ."

ಭಾವ ಬರಲಿಲ್ಲ. ಏನಾದರೆಂದು ತಿಳಿಯಲೂ ಇಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ನನ್ನ ಮದುವೆಗೂ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಹಾಸಿಗೆ ಹಿಡಿದಾಗ, ಹೇಳಿಕಳಿಸಿದಳು. ಹೋಗಿ ಕೂತೆ. ನಾನಲ್ಲ ಎಂದು ಮತ್ತೆ ಹೇಳಿದೆ. ಈ ಸಲ ಅವಳು ನಂಬಿದ ಹಾಗಿತ್ತು.

"ನೀನಲ್ಲ ಅಂದ್ರೆ ಅವರೇ ಅಲ್ವೇನೋ?" ಎಂದಳು. ನನ್ನ ಬಲಗೈ ಹಿಡಿದು, "ಇನ್ನೊಂದ್ಸಲ ಮಾತಾಡ್ಸು," ಎಂದಳು.

ಭಾವನ ಧ್ವನಿ ನನಗೆ ಚೆನ್ನಾಗಿ ನೆನಪಿತ್ತು. ಅಣಕಿಸಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಾ ಕಾದು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಆ ಸಂಜೆ ಮಾತಾಡಿದವರು ಯಾರೆಂದು ಇವತ್ತಿಗೂ ನಾನು ಹೇಳಲಾರೆ.