ದೇವಕ್ಕನ ಫ್ರಿಜ್ಜಿಗೆ ಬಂದ ಕಣ್ಣು

ರಾಮದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೇವಕ್ಕನ ಖಾನಾವಳಿ ಇತ್ತು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೆ ಗಟ್ಟಿ ಮೊಸರು. ಊಟಕ್ಕೆ ಬರುವವರಿಗೆ ಆಕೆಯ ಕೈರುಚಿಯಷ್ಟೇ ಆಕೆಯ ಸ್ಕ್ರೂಡ್ರೈವರಿನ ಪರಿಚಯವೂ ಇತ್ತು. ಅದು ಚಮಚ, ಸೌಟುಗಳ ಜೊತೆಗೆ ಒಂದೇ ಡಬ್ಬಿಯಲ್ಲಿ ನಿಂತಿರುತ್ತಿತ್ತು. ಅವಸರದ ಗಿರಾಕಿಯೊಬ್ಬ ಒಮ್ಮೆ ಅದರಿಂದಲೇ ಉಪ್ಪಿನಕಾಯಿ ತೆಗೆದುಕೊಂಡದ್ದೂ ಉಂಟು.

ಯಾವ ಹೊಸ ವಸ್ತು ಬಂದರೂ ದೇವಕ್ಕ ಮೊದಲು ಅದರ ಬೆನ್ನು ತಿರುಗಿಸಿ ನೋಡುತ್ತಿದ್ದಳು. “ಮಾರಿ ಏನ್ ನೋಡ್ತೀರಿ? ಮಾರಿ ಅಂಗಡ್ಯಾಂವ ಒರಸಿ ಇಟ್ಟಿರ್ತಾನ. ಬೆನ್ನಾಗ ಸ್ಕ್ರೂ ಎಷ್ಟ ಅದಾವ ನೋಡ್ರಿ. ಬಿಚ್ಚಾಕ ಬರದ ಸಾಮಾನು ನಮ್ಮದಲ್ಲ,” ಎನ್ನುತ್ತಿದ್ದಳು. ಮಿಕ್ಸರು ಚಟ್ನಿಯನ್ನು ಅರೆಯುವುದಿಲ್ಲ, ಬರೇ ಹೆದರಿಸುತ್ತದೆ ಎಂಬುದು ಆಕೆಯ ಮತ. ಟಿವಿಯ ರಿಮೋಟನ್ನು ಗಂಡಸರ ಮೇಲಿನ ಸಿಟ್ಟಿಗೆ ಯಾರೋ ಕಂಡುಹಿಡಿದಿರಬೇಕು, ಕುಂತಲ್ಲೇ ದಪ್ಪಗಾಗಲಿ ಎಂದು. ರಿಪೇರಿಯಲ್ಲಿ ಮಾತ್ರ ಆಕೆ ಗೆದ್ದಷ್ಟೇ ಸೋತಿದ್ದಳು. ಬಿಚ್ಚಿ ಜೋಡಿಸಿದ ಟೇಬಲ್ ಫ್ಯಾನು ಗಿರಾಕಿಗಳನ್ನು ಬಿಟ್ಟು ಗೋಡೆಯ ಕಡೆ ಮಾತ್ರ ತಿರುಗತೊಡಗಿದಾಗ, ಆಕೆ ಊಟದ ಬೆಂಚನ್ನೇ ಗೋಡೆಗೆ ಸರಿಸಿದಳು.

ತೊಂಬತ್ತೇಳರ ಬೇಸಿಗೆಯಲ್ಲಿ ಮೊಸರು ಬೇಗ ಹುಳಿಯಾಗತೊಡಗಿ, ದೇವಕ್ಕ ಬೆಳಗಾವಿಯಿಂದ ಒಂದು ಹಳೆಯ ಫ್ರಿಜ್ ತರಿಸಿದಳು. ಅದಕ್ಕೆ ಕುಂಕುಮ ಹಚ್ಚಿ, ಹೂವು ಏರಿಸಿ, ಬಾಗಿಲು ತೆರೆದಾಗ ಒಳಗೆ ದೀಪ ಹತ್ತಿತು. ಉಣ್ಣುತ್ತ ಕುಳಿತವರೆಲ್ಲ ಎಂಜಲು ಕೈಯಲ್ಲೇ ಎದ್ದು ಬಂದರು.

ಅವರಲ್ಲಿ ಬಸಯ್ಯ ಒಬ್ಬ. ನೀರಾವರಿ ಆಫೀಸಿನ ಗುಮಾಸ್ತ, ಎರಡು ಹೊತ್ತೂ ಅಲ್ಲೇ ಊಟ. ಲೋಕದ ಎಲ್ಲ ವಿಷಯಕ್ಕೂ ಅವನ ಬಳಿ ಒಂದು ತಕರಾರು ಇರುತ್ತಿತ್ತು.

“ದೇವಕ್ಕಾ, ಬಾಗಲಾ ಹಾಕಿದ ಮ್ಯಾಲೂ ಈ ದೀಪ ಒಳಗ ಉರೀತೈತಿ. ಕರೆಂಟ್ ಸುಮ್ಮನ ಸುಡಾಕ ಹತ್ತೀರಿ,” ಎಂದ.

“ಇಲ್ರೀ ಅಯ್ಯಾರ. ಇಲ್ಲಿ ನೋಡ್ರಿ, ಚೌಕಟ್ಟಿನಾಗ ಗುಂಡಿ ಐತಿ. ಬಾಗಲಾ ಅದನ್ನ ಒತ್ತಿತು ಅಂದ್ರ ದೀಪ ಆರತೈತಿ.” ದೇವಕ್ಕ ಬೆರಳಿನಿಂದ ಒತ್ತಿ ತೋರಿಸಿದಳು. ದೀಪ ಆರಿತು.

“ಅದು ನಿಮ್ಮ ಬೆರಳಿಗೆ ಆರೇತಿ. ಬಾಗಲಕ್ಕ ಆರತೈತಿ ಅಂತ ಯಾರ ನೋಡ್ಯಾರ?”

ಉಳಿದವರೂ ಒಬ್ಬೊಬ್ಬರಾಗಿ ಗುಂಡಿ ಒತ್ತಿ ನೋಡಿದರು. ಊಟದ ಮೊದಲೊಮ್ಮೆ, ಕೈ ತೊಳೆದ ಮೇಲೊಮ್ಮೆ ಒತ್ತುವುದು ಅಲ್ಲಿಂದ ಎಲ್ಲರ ರೂಢಿಯಾಯಿತು. ಆದರೆ ಖಾನಾವಳಿ ಎರಡು ಪಕ್ಷವಾಗಿ ಒಡೆಯಿತು.

ಎದುರಿನ ಫೋಟೋ ಸ್ಟುಡಿಯೋದ ನಾಸಿರ ದೇವಕ್ಕನ ಪಕ್ಷ. ಅವನ ಕ್ಯಾಮೆರಾಕ್ಕೆ ತಾನೇ ಫೋಟೋ ತೆಗೆದುಕೊಳ್ಳುವ ಟೈಮರ್ ಇತ್ತು. ಅದನ್ನು ಫ್ರಿಜ್ಜಿನೊಳಗೆ ಬದನೆಕಾಯಿ ಬುಟ್ಟಿಗೆ ಒರಗಿಸಿಟ್ಟು, ಎಲ್ಲರ ಎದುರು ಬಾಗಿಲು ಹಾಕಿದರು. ಒಳಗಿನಿಂದ ಗುಂಯ್ ಎಂದು ಸದ್ದು, ಆಮೇಲೆ ಕಟ್ ಎಂದಿತು. ರೋಲಿನಲ್ಲಿ ಉಳಿದ ಜಾಗ ಅದೇ ಓಣಿಯ ಶಟ್ಟೆವ್ವನ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮಕ್ಕೆ ಖರ್ಚಾದ ಮೇಲೆ ಫೋಟೋ ತೊಳೆದು ಬಂತು. ಫ್ರಿಜ್ಜಿನ ಫೋಟೋ ಪೂರ್ತಿ ಕಪ್ಪು.

“ನೋಡ್ರಿ, ಕತ್ತಲಿ!” ಎಂದಳು ದೇವಕ್ಕ ಹಿಗ್ಗಿ.

ಬಸಯ್ಯ ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದು ಎಮ್ಮಿ ಹೊಟ್ಟಿ ಫೋಟೋನೂ ಆಗಬೋದು. ನಿಮ್ಮ ಫ್ರಿಜ್ಜಿಂದ ಅನ್ನಾಕ ಏನ್ ಗುರ್ತಾ?”

ಗುರುತು ಸಿಗಲೆಂದು ನಾಸಿರ ಮತ್ತೆ ಫ್ಲ್ಯಾಶ್ ಹಾಕಿ ತೆಗೆದ. ಬದನೆಕಾಯಿ, ಮೊಸರಿನ ಗಡಿಗೆ ಥಳಥಳ ಹೊಳೆದವು. “ಹಾಂ! ಎಷ್ಟ ಬೆಳಕ ಐತಿ ನೋಡ್ರಿ!” ಎಂದು ಬಸಯ್ಯ ಕುಣಿದ. ಆ ಗದ್ದಲದಲ್ಲಿ ನಾಸಿರ ಆ ಫೋಟೋವನ್ನು ತಪ್ಪಿ ಶಟ್ಟೆವ್ವನ ಆಲ್ಬಮ್ಮಿಗೆ ಸೇರಿಸಿಬಿಟ್ಟ. ತೊಟ್ಟಿಲ ಕೂಸು ಮತ್ತು ಸೋದರತ್ತೆಯ ನಡುವೆ ಆ ಬದನೆಕಾಯಿ ಇಂದಿಗೂ ಇದೆ.

ದೇವಕ್ಕನಿಗೆ ಈಗ ಹಟ ಹಿಡಿಯಿತು. ಅಂಗಡಿಗೆ ಹೋಗಿ, ಹೊರಗೆ ಯಾರು ಬಂದಿದ್ದಾರೆಂದು ನೋಡಲು ಮನೆಬಾಗಿಲಿಗೆ ಹಾಕುವ ಗಾಜಿನ ಕಣ್ಣೊಂದನ್ನು ತಂದಳು. ಬಡಗಿ ಹನುಮಪ್ಪನನ್ನು ಕರೆದಳು.

“ಎದಕ್ಕ ತೂತು ಹಾಕ್ಲಿ, ದೇವಕ್ಕಾರ?”

“ಫ್ರಿಜ್ಜಿಗೆ.”

ಹನುಮಪ್ಪ ಕೈಯಲ್ಲಿದ್ದ ಡ್ರಿಲ್ಲನ್ನು ಕೆಳಗಿಟ್ಟ. “ನನಗ ಮಕ್ಕಳು ಮರಿ ಅದಾವರಿ.”

“ನಿನ್ನ ಮಕ್ಕಳಿಗೆ ಏನೂ ಆಗಂಗಿಲ್ಲ. ಬಾಗಲದಾಗ ಬರೇ ತರ್ಮಾಕೋಲ್‌ದಂಥಾದ್ದು ಐತಿ, ನಾ ಬಿಚ್ಚಿ ನೋಡೇನಿ. ಹಾಕು!”

ತೂತು ಬಿತ್ತು. ಕಣ್ಣನ್ನು ಹಿಂದುಮುಂದಾಗಿ, ಹೊರಗಿನಿಂದ ಒಳಗೆ ಕಾಣುವಂತೆ ಕೂರಿಸಿದರು. ಬದನೆಕಾಯಿಗೆ ನಾವು ಕಾಣಬೇಕಿಲ್ಲ, ನಮಗೆ ಬದನೆಕಾಯಿ ಕಂಡರೆ ಸಾಕು ಎಂದಳು ದೇವಕ್ಕ. ತಂಪು ಸೋರದಂತೆ ಸುತ್ತಲೂ ಎಂ-ಸೀಲ್ ಮೆತ್ತಿದಳು. ಬಸಯ್ಯನನ್ನು ಕರೆದು ನಿಲ್ಲಿಸಿದಳು. ಅವನು ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ.

“ಏನ್ ಕಾಣತೈತ್ರಿ?”

“ಏನೂ ಕಾಣವಲ್ದು.”

“ಮತ್ತ? ಅದ ಅಲ್ಲೇನ್ರೀ ನಾ ಹೇಳಿದ್ದು?”

“ಅಂದ್ರ ಈ ಕಣ್ಣ ಸರಿ ಇಲ್ಲ,” ಎಂದ ಬಸಯ್ಯ.

ಅಂದು ದೇವಕ್ಕ ಅವನಿಗೆ ಮೊಸರು ಬಡಿಸಲಿಲ್ಲ. ಆದರೆ ಸುದ್ದಿ ಹರಡಿತು. ಸುರೇಬಾನದ ಬಸ್ಸಿಗೆ ಕಾಯುವವರು ಬಂದು ಕತ್ತಲೆ ನೋಡಿ, ಬಂದ ತಪ್ಪಿಗೆ ಊಟವನ್ನೂ ಮಾಡಿ ಹೋಗತೊಡಗಿದರು. ಹೋಗುವ ಮುಂಚೆ ಬಾಗಿಲು ತೆರೆದು ಗುಂಡಿಯನ್ನೂ ಒತ್ತುತ್ತಿದ್ದರು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಬಸಯ್ಯ ಎಂದಿನಂತೆ ಬಗ್ಗಿ ನೋಡಿದವನು ಕಿರುಚಿಕೊಂಡ: “ಬೆಳಕ! ಬೆಳಕ! ಗಡಗಿ ಕಾಣಾಕ ಹತ್ತೇತಿ!”

ದೇವಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಿಜ. ಬಾಗಿಲು ಹಾಕಿದ ಫ್ರಿಜ್ಜಿನೊಳಗೆ ದೀಪ ಉರಿಯುತ್ತಿತ್ತು. ಆಕೆಯ ಮುಖ ಸಣ್ಣದಾಯಿತು. ಬಾಗಿಲು ತೆರೆದು ಗುಂಡಿ ಮುಟ್ಟಿ ನೋಡಿದಾಗ ವಿಷಯ ತಿಳಿಯಿತು. ಕಂಡಕಂಡವರೆಲ್ಲ ಒತ್ತಿ ಒತ್ತಿ ಒಳಗಿನ ಸ್ಪ್ರಿಂಗ್ ಮುರಿದು, ಗುಂಡಿ ಅರ್ಧಕ್ಕೇ ಸಿಕ್ಕಿಕೊಂಡು ನಿಂತಿತ್ತು; ಬಾಗಿಲು ಹಾಕಿದರೂ ಅದು ಪೂರ್ತಿ ಒತ್ತಿಕೊಳ್ಳುತ್ತಿರಲಿಲ್ಲ.

“ಅಯ್ಯಾರ, ನಿಮ್ಮ ಕಿಸೇದಾಗಿನ ಪೆನ್ನ ಕೊಡ್ರಿ.”

ಬಸಯ್ಯ ಗೆದ್ದ ಸಂತೋಷದಲ್ಲಿ ಕೊಟ್ಟುಬಿಟ್ಟ. ಸೋತದ್ದನ್ನು ಬರೆದುಕೊಡುತ್ತಾಳೆ ಎಂದುಕೊಂಡನೋ ಏನೋ. ದೇವಕ್ಕ ಪೆನ್ನು ಬಿಚ್ಚಿ, ಅದರ ಸ್ಪ್ರಿಂಗ್ ತೆಗೆದು, ಹಲ್ಲಿನಿಂದ ಕಡಿದು ಗಿಡ್ಡ ಮಾಡಿ ಗುಂಡಿಯೊಳಗೆ ಸೇರಿಸಿದಳು. ಬಾಗಿಲು ಹಾಕಿ, “ಈಗ ನೋಡ್ರಿ,” ಎಂದಳು.

ಬಸಯ್ಯ ನೋಡಿದ. ಕತ್ತಲೆ. ಬಾಗಿಲು ತೆರೆದ, ಬೆಳಕು. ಹಾಕಿ ಬಗ್ಗಿದ, ಮತ್ತೆ ಕತ್ತಲೆ. ಅವನು ನಿಧಾನಕ್ಕೆ ನೆಟ್ಟಗಾಗಿ, “ಅಂದ್ರ ಆರತಿತ್ತು,” ಎಂದ. ಇಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಖಾನಾವಳಿಯಲ್ಲಿ ಯಾರೂ ಕೇಳಿರಲಿಲ್ಲ. ದೇವಕ್ಕನಿಗೆ ಪಾಪ ಅನ್ನಿಸಿ, ಎರಡು ಸೌಟು ಮೊಸರು ಹಾಕಿದಳು.

ಪಾಪ ಅನ್ನಿಸಿದ್ದು ಒಂದು ವಾರವೂ ಉಳಿಯಲಿಲ್ಲ. ಆಫೀಸಿಗೆ ಹೊಸದಾಗಿ ಬಂದವರನ್ನು ಊಟಕ್ಕೆ ಕರೆತಂದ ಬಸಯ್ಯ, ಅವರನ್ನು ಫ್ರಿಜ್ಜಿನ ಮುಂದೆ ಬಗ್ಗಿಸಿ ನಿಲ್ಲಿಸಿ, “ಬಾಗಲಾ ಹಾಕಿದ್ರ ಒಳಗ ದೀಪ ಆರತೈತ್ರಿ. ನಾ ಮೊದಲಿಂದಾನೂ ಹೇಳಕೋತನ ಬಂದೇನಿ, ಈ ಮಂದಿ ನಂಬಲಿಲ್ಲ,” ಎಂದು ವಿವರಿಸುತ್ತಿದ್ದ.

ಒಲೆಯ ಮುಂದೆ ಕುಳಿತ ದೇವಕ್ಕ ಅದನ್ನು ಕೇಳಿಸಿಕೊಂಡಳು. ಹಂಚಿನ ಮೇಲೆ ಕರಕಾಗಿದ್ದ ರೊಟ್ಟಿಯನ್ನು ಎತ್ತಿ, ಅವನ ತಾಟಿಗೇ ಹಾಕಿದಳು.